ಪಿಎಸ್‌ಎ ರಿಪೋರ್ಟಿನ ಅಂಕಿ ಎಲ್ಲಿಂದ ಬರುತ್ತದೆ?

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಲ್ಯಾಬಿನ ಕೌಂಟರಿನ ಮೇಲೆ ಎರಡು ರಿಪೋರ್ಟು ಬಿಡಿಸಿಟ್ಟರು. ಪ್ರೋಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕಲು ಗಂಡಸರಿಗೆ ಮಾಡುವ ರಕ್ತಪರೀಕ್ಷೆಯವು. ನಮ್ಮಲ್ಲಿ ಮಾಡಿಸಿದ ಪಿಎಸ್‌ಎ 5.1. ಹದಿನೈದು ದಿನ ಮೊದಲು ಬೇರೆ ಕಡೆ ಮಾಡಿಸಿದ್ದು 6.3. "ಮೇಡಂ, ಇದರಲ್ಲಿ ಯಾವುದು ಸುಳ್ಳು?" ಎಂದು ಕೇಳಿದರು. ಎರಡೂ ಸುಳ್ಳಲ್ಲ ಸಾರ್ ಎಂದರೆ ಅವರಿಗೆ ಸಮಾಧಾನವಾಗಲಿಲ್ಲ. ಆಗುವುದೂ ಕಷ್ಟವೇ. ಈ ಅಂಕಿ ಹುಟ್ಟುವ ಬಗೆಯನ್ನು ನಾವು ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಪಿಎಸ್‌ಎ ಒಂದು ಪ್ರೋಟಿಯೇಸ್. ಅಂದರೆ ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರೋಸ್ಟೇಟ್ ಗ್ರಂಥಿ ಇದನ್ನು ತಯಾರಿಸುವುದು ರಕ್ತಕ್ಕಾಗಿ ಅಲ್ಲ, ವೀರ್ಯಕ್ಕಾಗಿ. ಹೊರಬಿದ್ದ ಕೂಡಲೇ ಹೆಪ್ಪುಗಟ್ಟುವ ವೀರ್ಯವನ್ನು, ಅದರಲ್ಲಿರುವ ಸೆಮಿನೊಜೆಲಿನ್ ಎಂಬ ಪ್ರೋಟೀನನ್ನು ತುಂಡರಿಸಿ ನೀರಾಗಿಸುವುದೇ ಅದರ ಕೆಲಸ. ರಕ್ತದಲ್ಲಿ ಅದು ಇರುವುದು ವೀರ್ಯದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆ. ಗ್ರಂಥಿಯೊಳಗಿನ ಕಟ್ಟು ಸಡಿಲವಾದಾಗ ಸೋರಿಕೆ ಹೆಚ್ಚುತ್ತದೆ. ಕ್ಯಾನ್ಸರ್‌ನಲ್ಲೂ ಸೋರುತ್ತದೆ, ವಯಸ್ಸಿಗೆ ಗ್ರಂಥಿ ಊದಿಕೊಂಡರೂ ಸೋರುತ್ತದೆ, ಮೂತ್ರದ ಸೋಂಕಿನಲ್ಲೂ ಸೋರುತ್ತದೆ.

ಮಿಲಿಲೀಟರಿಗೆ ಕೆಲವೇ ನ್ಯಾನೊಗ್ರಾಂ ಇರುವ ಈ ವಸ್ತುವನ್ನು ರಕ್ತದ ಸಾವಿರಾರು ಪ್ರೋಟೀನುಗಳ ನಡುವೆ ಹುಡುಕಿ ಹಿಡಿಯುವುದು ಆಂಟಿಬಾಡಿ, ಅಂದರೆ ಪ್ರತಿಕಾಯ. ಒಂದೇ ಗುರಿಗೆ ಅಂಟುವ ಆಂಟಿಬಾಡಿಯನ್ನು ಬೇಕಾದಷ್ಟು ಬೆಳೆಸುವ ದಾರಿಯನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ನಮ್ಮ ಅನಲೈಸರಿನಲ್ಲಿ ಅಂಥವು ಎರಡು ಕೆಲಸ ಮಾಡುತ್ತವೆ. ಒಂದು ಪಿಎಸ್‌ಎಯನ್ನು ಒಂದು ಬದಿಯಿಂದ ಹಿಡಿದು ಪುಟ್ಟ ಕಾಂತೀಯ ಮಣಿಗೆ ಕಟ್ಟುತ್ತದೆ. ಬೆಳಕು ಚೆಲ್ಲುವ ಗುರುತು ಹೊತ್ತ ಇನ್ನೊಂದು ಮತ್ತೊಂದು ಬದಿಗೆ ಅಂಟುತ್ತದೆ. ಉಳಿದದ್ದನ್ನೆಲ್ಲ ತೊಳೆದ ಮೇಲೆ ಎಷ್ಟು ಬೆಳಕು ಬಂತೋ ಅದೇ ನಿಮ್ಮ ರಿಪೋರ್ಟಿನ ಅಂಕಿ. ಯಂತ್ರ ಕ್ಯಾನ್ಸರನ್ನು ನೋಡುವುದಿಲ್ಲ. ಎರಡು ಆಂಟಿಬಾಡಿಗಳ ಕೈಗೆ ಸಿಕ್ಕಿದ್ದನ್ನಷ್ಟೇ ಎಣಿಸುತ್ತದೆ.

ಎಲ್ಲ ಪಿಎಸ್‌ಎ ಕೈಗೆ ಸಿಗುವುದೂ ಇಲ್ಲ. ಕತ್ತರಿಸುವ ಕಿಣ್ವ ರಕ್ತದಲ್ಲಿ ಅಡ್ಡಾದಿಡ್ಡಿ ಓಡಾಡಲು ದೇಹ ಬಿಡುವುದಿಲ್ಲ. ಬಹುಪಾಲನ್ನು ಆಂಟಿಕೈಮೋಟ್ರಿಪ್ಸಿನ್ ಎಂಬ ಪ್ರೋಟೀನು ಹಿಡಿದು ಕಟ್ಟಿಹಾಕುತ್ತದೆ. ಸ್ವಲ್ಪ ಭಾಗವನ್ನು ಮ್ಯಾಕ್ರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನು ಪೂರ್ತಿ ಒಳಗೆ ಹಾಕಿಕೊಂಡುಬಿಡುತ್ತದೆ. ಅದು ಲ್ಯಾಬುಗಳು ಬಳಸುವ ಯಾವ ಪರೀಕ್ಷಾ ಕಿಟ್ಟಿಗೂ ಕಾಣುವುದಿಲ್ಲ. ಬಿಡಿಯಾಗಿ ಉಳಿಯುವುದು ಕತ್ತರಿಸುವ ಶಕ್ತಿ ಕಳೆದುಕೊಂಡ ಒಂದಿಷ್ಟು ಮಾತ್ರ. ಆಂಟಿಕೈಮೋಟ್ರಿಪ್ಸಿನ್ ಅಂಟಿಕೊಂಡಾಗ ಪಿಎಸ್‌ಎಯ ಒಂದು ಮೈ ಮುಚ್ಚಿಹೋಗುತ್ತದೆ. ಆ ಮೈಯನ್ನೇ ಹಿಡಿಯುವ ಆಂಟಿಬಾಡಿ ಬಳಸಿದರೆ ಬಿಡಿ ಪಿಎಸ್‌ಎ ಮಾತ್ರ ಸಿಗುತ್ತದೆ. 'ಫ್ರೀ ಪಿಎಸ್‌ಎ' ಪರೀಕ್ಷೆಯ ಗುಟ್ಟು ಇಷ್ಟೇ. ನನಗೆ ಇಡೀ ವಿಷಯದಲ್ಲಿ ತೀರಾ ಇಷ್ಟವಾಗುವ ಭಾಗವೂ ಇದೇ. ಒಟ್ಟು ಪಿಎಸ್‌ಎ 4ರಿಂದ 10ರ ನಡುವೆ ಇದ್ದು, ಬಿಡಿ ಪಾಲು ಶೇ 25ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರಿನ ಸಾಧ್ಯತೆ ಕಡಿಮೆ. ಶೇ 10ಕ್ಕಿಂತ ಕಡಿಮೆಯಿದ್ದರೆ ಬಯಾಪ್ಸಿಯ, ಅಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವ ಮಾತು ಬರುತ್ತದೆ.

ಮೇಷ್ಟ್ರ ಎರಡು ಅಂಕಿಗಳ ಲೆಕ್ಕ ಅಳತೆಗೋಲಿನದು. ಕೆಲವು ಕಿಟ್ಟುಗಳು ಇಂದಿಗೂ ಹಳೆಯ ಅಳತೆಗೆ ಹೊಂದಿಸಿದವು, ಕೆಲವು ವಿಶ್ವ ಆರೋಗ್ಯ ಸಂಸ್ಥೆಯ ಮಾನಕಕ್ಕೆ. ಇಷ್ಟರಿಂದಲೇ ಸುಮಾರು ಶೇ 20ರಷ್ಟು ವ್ಯತ್ಯಾಸ ಬರುತ್ತದೆ. ಆಂಟಿಬಾಡಿ ಜೋಡಿ ಬೇರೆಯಾದರೆ ಇನ್ನಷ್ಟು. ಅದಕ್ಕೇ ಪಿಎಸ್‌ಎ ಏರಿತೋ ಇಳಿಯಿತೋ ನೋಡಬೇಕಾದವರು ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ ಎಂದು ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ರಿಯಾಯಿತಿ ಪ್ಯಾಕೇಜು ಹುಡುಕಿಕೊಂಡು ಲ್ಯಾಬು ಬದಲಿಸುವ ಪರೀಕ್ಷೆ ಇದಲ್ಲ.

ಇನ್ನೊಂದು ತೊಡಕು ಮಾತ್ರೆಗಳದು. ಹಿಂದೆ ಒಬ್ಬರ ಪಿಎಸ್‌ಎ 8ರಿಂದ ಏಕಾಏಕಿ 2ಕ್ಕೆ ಇಳಿದಿತ್ತು. ಮನೆಯವರು ಖುಷಿಯಾಗಿದ್ದರು, ಅವರ ಡಾಕ್ಟರಿಗೆ ಅನುಮಾನ. ಫೋನ್ ಮಾಡಿ ವಿಚಾರಿಸಿದರೆ, ಕೂದಲಿಗೆಂದು ದಿನಕ್ಕೆ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರು. ಅನೇಕ ಯಂತ್ರಗಳಲ್ಲಿ ಆಂಟಿಬಾಡಿಯನ್ನು ಮಣಿಗೆ ಕಟ್ಟುವ ಕೊಂಡಿಯೇ ಬಯೋಟಿನ್. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಮಣಿಯ ಮೇಲಿನ ಜಾಗವನ್ನೆಲ್ಲ ಅದೇ ಹಿಡಿಯುತ್ತದೆ. ಪಿಎಸ್‌ಎ ಹಿಡಿದ ಆಂಟಿಬಾಡಿ ತೊಳೆಯುವಾಗ ಕೊಚ್ಚಿಹೋಗುತ್ತದೆ, ಅಂಕಿ ಬೀಳುತ್ತದೆ. ಮಾತ್ರೆ ನಿಲ್ಲಿಸಿ, ಮೂರು ದಿನ ಬಿಟ್ಟು ರಕ್ತ ತೆಗೆದಾಗ ಮತ್ತೆ 8ರ ಹತ್ತಿರವೇ ಬಂತು. ಇಲ್ಲದ ರೋಗ ತೋರಿಸುವ ತಪ್ಪಿಗಿಂತ ಇರುವುದನ್ನು ಮುಚ್ಚುವ ಈ ತಪ್ಪಿಗೆ ನಾನು ಹೆಚ್ಚು ಹೆದರುತ್ತೇನೆ.

ಹಾಗಾಗಿ ಮೇಷ್ಟ್ರನ್ನೂ ಕೇಳಿದೆ, ಏನೇನು ಮಾತ್ರೆ ತಗೊಳ್ತೀರಿ ಸಾರ್? ಬಯೋಟಿನ್ ಇರಲಿಲ್ಲ. ಬಿಪಿಯದು ಒಂದು ಎಂದರು. ಸ್ವಲ್ಪ ತಡೆದು, ರಾತ್ರಿ ಪದೇಪದೇ ಮೂತ್ರಕ್ಕೆ ಏಳುತ್ತಿದ್ದುದಕ್ಕೆ ಊರಿನ ಡಾಕ್ಟರು ಕೊಟ್ಟದ್ದು ಇನ್ನೊಂದು ಎಂದು ಅಂಗಿಯ ಜೇಬಿನಿಂದ ಮಡಚಿದ ಸ್ಟ್ರಿಪ್ ತೆಗೆದರು. ಊದಿದ ಪ್ರೋಸ್ಟೇಟನ್ನು ಕುಗ್ಗಿಸುವ ಡ್ಯುಟಾಸ್ಟರೈಡ್, ತಗೊಳ್ಳಲು ಶುರುಮಾಡಿ ಒಂದು ವರ್ಷದ ಮೇಲಾಗಿದೆ. ಈ ಮಾತ್ರೆ ಅಷ್ಟು ದಿನದಲ್ಲಿ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ. ಅಂದರೆ 5.1ನ್ನು 10ರ ಹಾಗೆ ಓದಬೇಕು. ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ಈ ಮಾತ್ರೆಯ ವಿಷಯ ಗೊತ್ತೇ ಇರಲಿಲ್ಲ. ಮಾತ್ರೆಯ ಹೆಸರನ್ನು ರಿಪೋರ್ಟಿನ ಅಂಚಿನಲ್ಲಿ ಬರೆದು, ಮೇಷ್ಟ್ರನ್ನು ಅಲ್ಲೇ ಕೂರಿಸಿಕೊಂಡು ಆ ಡಾಕ್ಟರಿಗೆ ಫೋನ್ ಹಚ್ಚಿದೆ.