ಡ್ರಾಯಿಂಗ್ ಕಳಿಸಿದ್ದೂ ರಫ್ತೇ

"ನಾವಿನ್ನೂ ಏನೂ ಕಳಿಸಿಲ್ಲ ಸರ್, ಬರೀ ಮಾತುಕತೆ ನಡೀತಿದೆ." ರಕ್ಷಣಾ ಬಿಡಿಭಾಗ ಮಾಡುವ ಕಂಪನಿಗಳವರು ರಫ್ತು ಅನುಮತಿಯ ವಿಷಯಕ್ಕೆ ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಹೇಳುವ ಮೊದಲ ಮಾತು ಇದು. ಆಗ ನಾನು ಕೇಳುವುದು ಇಷ್ಟೇ: "ಆ ಮಾತುಕತೆಯ ಮೇಲ್‌ಗಳನ್ನು ಸ್ವಲ್ಪ ತೋರಿಸ್ತೀರಾ?"

ಒಂದು ಸಲ ಹಾಗೆ ತೆಗೆದು ತೋರಿಸಿದ ಮೇಲ್‌ನಲ್ಲಿ ಹನ್ನೊಂದು ಫೈಲ್‌ಗಳಿದ್ದವು. ಒಂಬತ್ತು ಬ್ರೋಷರ್‌ಗಳು, ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹತ್ತನೆಯದು ಒಂದು ಆಕ್ಚುಯೇಟರ್‌ನ, ಅಂದರೆ ಯಂತ್ರದ ಭಾಗಗಳನ್ನು ಚಲಿಸುವಂತೆ ಮಾಡುವ ಸಾಧನದ, ಡ್ರಾಯಿಂಗ್. ಅಳತೆ, ಟಾಲರೆನ್ಸ್, ಲೋಹದ ಗ್ರೇಡ್, ಹೀಟ್ ಟ್ರೀಟ್‌ಮೆಂಟ್ ಎಲ್ಲವೂ ಅದರಲ್ಲಿತ್ತು. ಹನ್ನೊಂದನೆಯದು ಅದರ ಟೆಸ್ಟ್ ರಿಪೋರ್ಟ್. ಮೇಲ್ ಹೋಗಿದ್ದು ವಿದೇಶಿ ಕಂಪನಿಯ ಖರೀದಿ ವಿಭಾಗದ ಒಬ್ಬರಿಗೆ. ಸಿಸಿಯಲ್ಲಿ ಇನ್ನೂ ನಾಲ್ಕು ಜನ, ಅವರಲ್ಲೊಬ್ಬರು ಮೂರನೇ ದೇಶದ ಏಜೆಂಟ್. ಸರಕಿನ ಪೆಟ್ಟಿಗೆ ಇನ್ನೂ ಗೋಡೌನ್‌ನಲ್ಲೇ ಇತ್ತು, ಸುಳ್ಳಲ್ಲ. ಆದರೆ ರಫ್ತು ಆಗಿಹೋಗಿತ್ತು.

ಜನ ಎಡವುವುದು ಇಲ್ಲೇ. ರಫ್ತು ಅಂದರೆ ಹಡಗು, ಕಸ್ಟಮ್ಸ್, ಸೀಲು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಕಾನೂನು ನೋಡುವುದು ತಿಳಿವಳಿಕೆ ಯಾರ ಕೈ ಸೇರಿತು ಅನ್ನುವುದನ್ನು. ಐಟಾರ್, ಅಂದರೆ ಅಮೆರಿಕದ ರಕ್ಷಣಾ ಸಾಮಗ್ರಿ ರಫ್ತಿನ ನಿಯಮಗಳು, ಇದನ್ನು 'ಟೆಕ್ನಿಕಲ್ ಡೇಟಾ' ಅನ್ನುತ್ತವೆ. ಬ್ರಿಟನ್ನಿನ ಕಾನೂನು ಇಲೆಕ್ಟ್ರಾನಿಕ್ ವರ್ಗಾವಣೆಯನ್ನೂ ಹಿಡಿಯುತ್ತದೆ. ರಫ್ತಿಗೆ ಅನುಮತಿ ಬೇಕಾದವುಗಳ ಭಾರತದ ಪಟ್ಟಿ ಸ್ಕೋಮೆಟ್, ಅದರಲ್ಲಿ ವಸ್ತುಗಳ ಜೊತೆ ಸಾಫ್ಟ್‌ವೇರ್, ತಂತ್ರಜ್ಞಾನವೂ ಸೇರಿವೆ. ಮೇಲ್ ಆದರೂ ಅಷ್ಟೇ, ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ತೋರಿಸಿದರೂ ಅಷ್ಟೇ. ಅಮೆರಿಕದ ಲೆಕ್ಕದಲ್ಲಿ, ಫ್ಯಾಕ್ಟರಿ ನೋಡಲು ಬಂದ ವಿದೇಶಿ ಅತಿಥಿಗೆ ಮೆಷಿನ್ ಪಕ್ಕ ನಿಂತು ವಿವರಿಸಿದರೂ ಅಷ್ಟೇ.

ದೇಶದ ಗಡಿ ದಾಟಬೇಕು ಅಂತಲೂ ಇಲ್ಲ. ಅಮೆರಿಕದ ನಿಯಮದಲ್ಲಿ, ಅಲ್ಲೇ ಪಕ್ಕದ ಮೇಜಿನಲ್ಲಿ ಕೂತ ವಿದೇಶಿ ಪ್ರಜೆಗೆ ಡೇಟಾ ಕೊಟ್ಟರೂ ಅದು ರಫ್ತೇ. ಆ ವ್ಯಕ್ತಿಗೆ ಎರಡು ದೇಶಗಳ ಪೌರತ್ವ ಇದ್ದರೆ ಎರಡೂ ದೇಶಕ್ಕೆ ಕಳಿಸಿದ ಹಾಗೆ. ಹಿಂದೆ ಇದ್ದು ಈಗ ಬಿಟ್ಟುಕೊಟ್ಟ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ಆದರೆ ಗ್ರೀನ್ ಕಾರ್ಡ್ ಇದ್ದವರನ್ನು ವಿದೇಶಿಯರು ಎಂದು ಎಣಿಸುವುದಿಲ್ಲ.

ಇದು ಪುಸ್ತಕದಲ್ಲಷ್ಟೇ ಇರುವ ನಿಯಮ ಅಂದುಕೊಂಡವರಿಗೆ ನಾನು ಜಾನ್ ರೀಸ್ ರಾತ್ ಅವರ ಕೇಸ್ ಹೇಳುತ್ತೇನೆ. ಇವರು ಟೆನೆಸ್ಸಿ ವಿಶ್ವವಿದ್ಯಾಲಯದ ಪ್ಲಾಸ್ಮಾ ವಿಜ್ಞಾನಿ. ಅಮೆರಿಕದ ವಾಯುಪಡೆಯ ಡ್ರೋನ್ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದರು. ಚೀನಾ ಮತ್ತು ಇರಾನ್‌ನ ವಿದ್ಯಾರ್ಥಿಗಳಿಗೆ ಆ ಡೇಟಾ ಸಿಗುವಂತೆ ಮಾಡಿದರು, ಚೀನಾ ಪ್ರವಾಸಕ್ಕೆ ಹೋದಾಗ ಕಾಗದಪತ್ರವನ್ನೂ ಒಯ್ದರು. 2008ರಲ್ಲಿ ತಪ್ಪಿತಸ್ಥರು ಅಂತ ತೀರ್ಪಾಯಿತು. ಮರುವರ್ಷ ನಾಲ್ಕು ವರ್ಷದ ಜೈಲು ಶಿಕ್ಷೆ. ಬಂದೂಕು, ಬಾಂಬು, ಕಂಟೇನರ್ ಯಾವುದೂ ಆ ಕೇಸ್‌ನಲ್ಲಿ ಇರಲಿಲ್ಲ. ಕಂಪನಿಗಳ ಕಥೆ ಬೇಕಾದರೆ 2007ರ ಐಟಿಟಿ ಅನ್ನುವ ಅಮೆರಿಕದ ಕಂಪನಿಯದ್ದು ಇದೆ. ನೈಟ್ ವಿಷನ್ ಉಪಕರಣಗಳ ಮಾಹಿತಿಯನ್ನು ಅನುಮತಿ ಇಲ್ಲದೆ ಹೊರಗೆ ಕಳಿಸಿದ್ದಕ್ಕೆ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು.

ಹಾಗಂತ ಎಲ್ಲಕ್ಕೂ ಹೆದರಬೇಕಿಲ್ಲ. ಕಾಲೇಜಿನಲ್ಲಿ ಸಾಮಾನ್ಯವಾಗಿ ಕಲಿಸುವ ಇಂಜಿನಿಯರಿಂಗ್ ತತ್ವ, ಈಗಾಗಲೇ ಸಾರ್ವಜನಿಕವಾಗಿ ಪ್ರಕಟವಾದ ವಿಷಯ, ಉಪಕರಣ ಏನು ಕೆಲಸ ಮಾಡುತ್ತದೆ ಅನ್ನುವ ಮೇಲ್ಮಟ್ಟದ ಮಾರಾಟ ಮಾಹಿತಿ, ಇವು ಐಟಾರ್‌ನ ಟೆಕ್ನಿಕಲ್ ಡೇಟಾದಿಂದ ಹೊರಗೆ. ನಾನು ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಪುಟ ಕೈಗೆ ಸಿಕ್ಕರೆ ಒಳ್ಳೆಯ ಮೆಕ್ಯಾನಿಕ್‌ಗೆ ಅದನ್ನು ಮಾಡೋದಕ್ಕೋ ರಿಪೇರಿ ಮಾಡೋದಕ್ಕೋ ಸಹಾಯ ಆಗುತ್ತಾ? ಆಗುತ್ತದೆ ಅಂದರೆ ಕಳಿಸುವ ಕೈ ನಿಲ್ಲಲಿ. ಇದು ಕಾನೂನಿನ ವ್ಯಾಖ್ಯೆ ಅಲ್ಲ, ಆದರೆ ಸೇಲ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ.

ಸೇಲ್ಸ್‌ನವರನ್ನು ಸುಮ್ನೆ ಎಳೆದು ತರಲಿಲ್ಲ. ಅನುಮತಿ ಕೇಳುವ ಕಾಲ ಯಾವುದು ಅನ್ನುವ ಜಗಳ ಶುರುವಾಗುವುದೇ ಅವರಿಂದ. ಆರ್ಡರ್ ಸಿಕ್ಕ ಮೇಲೆ ಅರ್ಜಿ ಹಾಕೋಣ ಅನ್ನುತ್ತಾರೆ. ಆದರೆ ಆರ್ಡರ್ ಸಿಗಬೇಕಾದರೆ ವಿವರ ತೋರಿಸಬೇಕು, ಅಲ್ವಾ? ಬ್ರಿಟನ್ ಇದಕ್ಕೆ ಒಂದು ಪ್ರತ್ಯೇಕ ದಾರಿಯನ್ನೇ ಮಾಡಿದೆ, ಅದರ ಹೆಸರು ಎಫ್680. 'ಅಫಿಷಿಯಲ್-ಸೆನ್ಸಿಟಿವ್' ಅನ್ನುವ ಗೋಪ್ಯತೆಯ ಮಟ್ಟ ಅಥವಾ ಅದಕ್ಕಿಂತ ಮೇಲಿನ ಮಾಹಿತಿಯನ್ನೋ ಉಪಕರಣವನ್ನೋ ವಿದೇಶದವರಿಗೆ ತೋರಿಸುವ ಮೊದಲೇ ರಕ್ಷಣಾ ಸಚಿವಾಲಯದ ಒಪ್ಪಿಗೆ ತಗೋಬೇಕು. ಎಫ್680 ಕೈಗೆ ಬಂತು ಅಂದರೆ ರಫ್ತು ಲೈಸೆನ್ಸ್ ಬಂದ ಹಾಗಲ್ಲ. ಅದು ಬೇರೆ ಅರ್ಜಿ. ಈ ಎರಡನ್ನೂ ಒಂದೇ ಅಂದುಕೊಂಡು ಸಂಭ್ರಮಪಟ್ಟವರನ್ನು ನೋಡಿದ್ದೇನೆ. ಭಾರತದಲ್ಲಿ ಸ್ಕೋಮೆಟ್‌ನ 6ನೇ ವರ್ಗ, ಅಂದರೆ ಯುದ್ಧ ಸಾಮಗ್ರಿಯ ಪಟ್ಟಿ, ರಕ್ಷಣಾ ಉತ್ಪಾದನಾ ಇಲಾಖೆಯ ಕೈಯಲ್ಲಿದೆ. ಉಳಿದ ಹೆಚ್ಚಿನವು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ (ಡಿಜಿಎಫ್‌ಟಿ) ಹೋಗುತ್ತವೆ. ತಪ್ಪು ಬಾಗಿಲು ತಟ್ಟಿದರೆ ವಾರಗಟ್ಟಲೆ ಹಾಳು.

ಅರ್ಜಿಯಲ್ಲಿ ನಾನು ಜಾಸ್ತಿ ಹೊತ್ತು ಕೂರುವುದು ಒಂದೇ ಪುಟದ ಮೇಲೆ: ಕೊನೆಯ ಬಳಕೆದಾರ ಯಾರು, ಬಳಕೆ ಏನು. ಸರಕು ಪಡೆಯುವವರು ಒಬ್ಬರು, ನಡುವೆ ಹಾದುಹೋಗುವವರು ಇನ್ನೊಬ್ಬರು, ಕೊನೆಗೆ ಬಳಸುವವರು ಮತ್ತೊಬ್ಬರು. ಮೂರೂ ಕಡೆ ಒಂದೇ ಹೆಸರು ತುಂಬಿದ ಫಾರ್ಮ್ ಕಂಡರೆ ನನಗೆ ಸಂಶಯ. ಬಳಕೆಯ ಜಾಗದಲ್ಲಿ 'ರಕ್ಷಣಾ ಉದ್ದೇಶಕ್ಕೆ' ಅಂತ ಎರಡು ಪದ ಬರೆದರೆ ಅಧಿಕಾರಿ ಏನು ನಿರ್ಧರಿಸಬೇಕು? ಯಾವ ವಾಹನದ ಯಾವ ಭಾಗಕ್ಕೆ, ಎಷ್ಟು ಸಂಖ್ಯೆ, ಯಾವ ಪಡೆಗೆ ಅಂತ ಬರೆಯಬೇಕು. ಮುಖ್ಯ ಶಸ್ತ್ರ ಸಾಮಗ್ರಿಗಳಿಗೆ ಅಮೆರಿಕ ಡಿಎಸ್‌ಪಿ-83 ಅನ್ನುವ ಪ್ರಮಾಣಪತ್ರವನ್ನು ಕೇಳುತ್ತದೆ. ಬೇರೆಯವರಿಗೆ ದಾಟಿಸುವುದಿಲ್ಲ ಅಂತ ಪಡೆಯುವವರೂ ಬಳಸುವವರೂ ಅದರಲ್ಲಿ ಸಹಿ ಹಾಕಬೇಕು. ಬೇಕೆನಿಸಿದರೆ ಆ ದೇಶದ ಸರ್ಕಾರದ ಸಹಿಯನ್ನೂ ಕೇಳುತ್ತಾರೆ.

ಸಿಕ್ಕ ಅನುಮತಿಯೂ ಆ ಹೆಸರುಗಳಿಗೆ ಮಾತ್ರ. ಪಡೆದವರು ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಮತ್ತೆ ಕೇಳಬೇಕು. ಐಟಾರ್‌ಗೆ ಸೇರಿದ ಒಂದು ಪುಟ್ಟ ಭಾಗ ದೊಡ್ಡ ಯಂತ್ರದೊಳಗೆ ಸೇರಿಕೊಂಡರೂ ಅಮೆರಿಕದ ಹಿಡಿತ ಹೋಗುವುದಿಲ್ಲ. ಬೇರೆ ದೇಶದ ಕಂಪನಿಗಳು ಅಮೆರಿಕದ ಬಿಡಿಭಾಗ ಬಿಟ್ಟು ಬೇರೆ ಹುಡುಕುವುದಕ್ಕೆ ಇದೂ ಒಂದು ಕಾರಣ.

ಕ್ಲೌಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2020ರ ಮಾರ್ಚ್‌ನಿಂದ ಐಟಾರ್ ಒಂದು ವಿನಾಯಿತಿ ಕೊಟ್ಟಿದೆ. ಗೋಪ್ಯವೆಂದು ವರ್ಗೀಕರಿಸದ ಡೇಟಾವನ್ನು ಕಳಿಸುವವರಿಂದ ಪಡೆಯುವವರ ತನಕ ನಿಗದಿತ ಮಟ್ಟದಲ್ಲಿ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಸಂಕೇತವಾಗಿ ಬದಲಿಸಿ, ಇಟ್ಟರೆ, ನಿಷೇಧಿತ ದೇಶಗಳಲ್ಲಿ ಹಾಗೂ ರಷ್ಯಾದಲ್ಲಿ ಸಂಗ್ರಹಿಸದಿದ್ದರೆ, ಅದನ್ನು ರಫ್ತು ಅನ್ನುವುದಿಲ್ಲ. ಕೀಲಿಯನ್ನು ವಿದೇಶಿಯರಿಗೆ ಕೊಟ್ಟರೆ ಆ ವಿನಾಯಿತಿ ಅಲ್ಲಿಗೆ ಮುಗಿಯಿತು.

ಇನ್ನು ಆ ಹನ್ನೊಂದು ಫೈಲ್‌ಗಳ ಕಂಪನಿ. ಮುಚ್ಚಿಡುವುದು ಬೇಡ, ನಾವೇ ಹೋಗಿ ಹೇಳೋಣ ಅಂದೆ. ಸ್ವಯಂ ತಿಳಿಸಿದವರನ್ನು ಇಲಾಖೆಗಳು ಬೇರೆ ರೀತಿ ನೋಡುತ್ತವೆ ಅನ್ನುವುದು ನನ್ನ ಅನುಭವ. ಇಲಾಖೆಗೆ ಹೇಳುವ ಮುಂಚೆ ಐದೂ ಜನರಿಗೆ ಫೈಲ್ ಅಳಿಸಿ, ಲಿಖಿತವಾಗಿ ತಿಳಿಸಿ ಅಂತ ಮೇಲ್ ಹಾಕಿಸಿದೆವು. ನಾಲ್ವರು ಅದೇ ದಿನ ಉತ್ತರಿಸಿದರು. ಏಜೆಂಟ್ ಮೂರು ದಿನ ತಗೊಂಡರು. ಅಳಿಸಿದ್ದೇನೆ, ಆದರೆ ಅದಕ್ಕೂ ಮುಂಚೆ ನಮ್ಮ ವರ್ಕ್‌ಶಾಪಿನವರಿಗೆ ಪ್ರಿಂಟ್ ತೆಗೆದು ಕೊಟ್ಟಿದ್ದೆ ಅಂತ ಬರೆದಿದ್ದರು.