ಗರ್ಭಪಾತಕ್ಕೆ ಗಂಡನ ಸಹಿ ಬೇಕೇ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ವಂಕಿ ಹಾಕಿಸಿದ್ದರೂ ಗರ್ಭ ನಿಂತಿದೆ, ಈಗ ಏಳು ವಾರ. ಗಂಡನ ಸಹಿ ಇಲ್ಲದೆ ತೆಗೆಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಕಾನೂನು ಹಾಗಿದೆಯೇ? (ಮಂಡ್ಯದ ಓದುಗರು)

ಉತ್ತರ: ಇಲ್ಲ. ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಮೈಸೂರು, ಮಂಡ್ಯದ ಕಡೆಯಿಂದ ಅದೇ ಪತ್ರ ಮತ್ತೆ ಬರುತ್ತದೆ ಎಂದರೆ ತಪ್ಪು ತಿಳಿವಳಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಬೇಸರವಾಗುತ್ತದೆ.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಆಸ್ಪತ್ರೆಯವರು ಎಂಟಿಪಿ ಎನ್ನುವ ಕಾಯ್ದೆ, 18 ವರ್ಷ ತುಂಬಿದ ಮಹಿಳೆಯ ಒಪ್ಪಿಗೆಯೊಂದನ್ನೇ ಕೇಳುತ್ತದೆ. ಪೋಷಕರ ಲಿಖಿತ ಒಪ್ಪಿಗೆ ಬೇಕಾಗುವುದು 18 ತುಂಬದವರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ. ಒಪ್ಪಿಗೆಯ ನಮೂನೆ 'ಸಿ'ಯನ್ನು ಕೈಯಲ್ಲಿ ಹಿಡಿದು ನೋಡಿ: ಇಂಥವರ ಮಗಳು ಅಥವಾ ಹೆಂಡತಿ ಎಂದು ಬರೆಯಲು ಒಂದು ಸಾಲಿದೆ, ವಯಸ್ಸು, ವಿಳಾಸ, ಕೊನೆಗೆ ನಿಮ್ಮ ಸಹಿ. ಆ ಸಾಲು ನಿಮ್ಮ ಗುರುತಿಗಾಗಿ ಇರುವುದೇ ಹೊರತು ಅಲ್ಲಿ ಹೆಸರಿರುವವರ ಅನುಮತಿಗಾಗಿ ಅಲ್ಲ. ಹಳೆಯ ಕಾಯ್ದೆಯಲ್ಲಿ ಗಂಡನ ಪ್ರಸ್ತಾಪವಿದ್ದದ್ದು ನಿಜ, ಆದರೆ ಅದು ಗರ್ಭನಿರೋಧಕ ವಿಫಲವಾದ ಸಂದರ್ಭವನ್ನು ವಿವರಿಸುವಾಗ. ಅಲ್ಲಿಯೂ 2021ರ ತಿದ್ದುಪಡಿ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಎಂಬುದನ್ನು ತೆಗೆದು 'ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ' ಎಂದು ಬರೆಯಿತು. ಅವಿವಾಹಿತರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಸ್ಪಷ್ಟಪಡಿಸಿತು. ಗರ್ಭ ಧರಿಸಬಲ್ಲ ಲಿಂಗತ್ವ ಅಲ್ಪಸಂಖ್ಯಾತರೂ ಈ ಕಾಯ್ದೆಯ 'ಮಹಿಳೆ'ಯೊಳಗೆ ಸೇರುತ್ತಾರೆ ಎಂದೂ ಹೇಳಿತು.

'ನಾಳೆ ಗಂಡ ಬಂದು ಕೇಸು ಹಾಕಿದರೆ?' ಎಂಬುದು ವೈದ್ಯರ ಅಳುಕು. ಅಂಥ ಕೇಸನ್ನೂ ಹಾಕಿ ನೋಡಿದ್ದಾಗಿದೆ. ತನ್ನನ್ನು ಕೇಳದೆ ಗರ್ಭಪಾತ ಮಾಡಿಸಿದರೆಂದು ಹೆಂಡತಿಯ ಮೇಲೂ ವೈದ್ಯರ ಮೇಲೂ ಪರಿಹಾರದ ದಾವೆ ಹೂಡಿದ್ದವನ ವಾದವನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಒಪ್ಪಲಿಲ್ಲ; 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವನ ಮೇಲ್ಮನವಿಯನ್ನು ವಜಾ ಮಾಡಿತು.

ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬರನ್ನು ಆಸ್ಪತ್ರೆಯೊಂದು ಇದೇ ಸಹಿಗಾಗಿ ಹಿಂದಕ್ಕೆ ಕಳಿಸಿತ್ತು. ಲಾರಿ ಓಡಿಸುವ ಗಂಡ ಊರಿಗೆ ಬರುವಷ್ಟರಲ್ಲಿ ಮೂರು ವಾರ ಕಳೆದು, ಮಾತ್ರೆಯಲ್ಲಿ ಮುಗಿಯಬೇಕಾದದ್ದಕ್ಕೆ ಅವರು ಆಪರೇಷನ್ ಥಿಯೇಟರಿಗೆ ಹೋಗಬೇಕಾಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲ ಬಯಲಾದ ಮೇಲೆ, ಗರ್ಭಪಾತವೇ ಅಪರಾಧ ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ಬೇರೆ ಬೇರೆ. ಲಿಂಗ ಪತ್ತೆಯನ್ನು ನಿಷೇಧಿಸಿರುವುದು 1994ರ ಕಾಯ್ದೆ, ಅದು ಇನ್ನೂ ಬಿಗಿಯಾಗಿ ಜಾರಿಯಾಗಲಿ ಎಂದೇ ನಾನೂ ಬಯಸುತ್ತೇನೆ. ಆದರೆ ಏಳು ವಾರದಲ್ಲಿ ಸ್ಕ್ಯಾನಿಂಗಿಗೆ ಲಿಂಗ ಕಾಣುವುದೇ ಇಲ್ಲ. ಆ ಅನುಮಾನದ ಮೇಲೆ ನಿಮ್ಮನ್ನು ವಾಪಸು ಕಳಿಸಲು ಕಾರಣವೇ ಇಲ್ಲ.

20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮಾತ್ರೆಯ ವಿಧಾನಕ್ಕೆ ನಿಯಮದಲ್ಲಿರುವ ಮಿತಿ ಒಂಬತ್ತು ವಾರ. ಆದ್ದರಿಂದ ಈ ವಾರವೇ ಅನುಮತಿ ಪಡೆದ ಇನ್ನೊಂದು ಕೇಂದ್ರಕ್ಕೆ ಹೋಗಿ, ನಮೂನೆ 'ಸಿ' ಕೇಳಿ ಪಡೆದು ನೀವೇ ಸಹಿ ಮಾಡಿ.