ಅಡಿಕೆ ಮಾರಿದ ದುಡ್ಡು, ಮಗಳ ಮನೆ ಮತ್ತು ಷೆಂಗೆನ್ ವೀಸಾ

"ಅಕೌಂಟಿನಲ್ಲಿ ಎಷ್ಟು ದುಡ್ಡು ತೋರಿಸಬೇಕು ಸಾರ್?"

ವೀಸಾ ಫೈಲು ಸಿದ್ಧ ಮಾಡಿಕೊಡುವ ನನ್ನಂಥವರಿಗೆ ಬರುವ ಮೊದಲ ಫೋನು ಇದೇ. ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಇರುವ ಮಗಳ ಮನೆಗೆ ಹೊರಟ ಅಪ್ಪ ಅಮ್ಮ. ಯಾರೋ ನೆಂಟರು "ಐದು ಲಕ್ಷ ಇರಲೇಬೇಕು" ಅಂದಿರುತ್ತಾರೆ. ಸರಿ, ಭಾವಮೈದುನನ ಹತ್ತಿರ ಸಾಲ ತಂದು ಅಕೌಂಟಿಗೆ ಹಾಕುತ್ತಾರೆ. ಹತ್ತು ದಿನ ಕಳೆದು ಸ್ಟೇಟ್‌ಮೆಂಟ್ ತೆಗೆಸುತ್ತಾರೆ. ಅದರಲ್ಲಿ ಕಾಣುವುದೇನು? ಐದು ತಿಂಗಳು ಇಪ್ಪತ್ತು ಸಾವಿರದ ಆಸುಪಾಸು ಓಡಾಡಿದ ಖಾತೆಗೆ ಇದ್ದಕ್ಕಿದ್ದ ಹಾಗೆ ಐದು ಲಕ್ಷ ಬಂದು ಕೂತಿದೆ. ಇಂಥ ಸ್ಟೇಟ್‌ಮೆಂಟಿಗಿಂತ ಆ ಇಪ್ಪತ್ತು ಸಾವಿರದ್ದೇ ವಾಸಿ. ಕಡಿಮೆ ದುಡ್ಡಿದ್ದರೆ ಖರ್ಚು ಮಗಳದು ಅಂತ ತೋರಿಸಬಹುದು. ಎಲ್ಲಿಂದ ಬಂತು ಅಂತ ಹೇಳಲಾಗದ ದುಡ್ಡು ಇಡೀ ಫೈಲಿನ ಮೇಲೆ ಅನುಮಾನ ತರುತ್ತದೆ.

ಷೆಂಗೆನ್ ವೀಸಾ ಅಂದರೆ ಯುರೋಪಿನ 29 ದೇಶಗಳಲ್ಲಿ ಓಡಾಡಲು ಸಿಗುವ ಒಂದೇ ಚೀಟಿ. ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯಲ್ಲಿ 1985ರಲ್ಲಿ ಆದ ಒಪ್ಪಂದದಿಂದ ಬಂದ ಹೆಸರು. ಬ್ರಿಟನ್ ಇದರಲ್ಲಿಲ್ಲ, ಐರ್ಲೆಂಡೂ ಇಲ್ಲ. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ವರೆಗೆ ಅದು 80 ಇತ್ತು. ಅರ್ಜಿ ತಗೊಳ್ಳುವ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು. ಏಪ್ರಿಲ್-ಮೇ ಪ್ರಯಾಣಕ್ಕೆ ಮಾರ್ಚ್‌ನಲ್ಲಿ ಎದ್ದರೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಡಿಸೆಂಬರ್‌ನಲ್ಲೇ ಶುರು ಮಾಡಿ.

ನನ್ನ ಹತ್ತಿರ ಬರುವವರಲ್ಲಿ ಜರ್ಮನಿಗೆ ಹೋಗುವವರೇ ಹೆಚ್ಚು. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನೀವು ಅರ್ಜಿ ಕೊಡುವ ಕೌಂಟರಿನವರು ಖಾಸಗಿ ಕಂಪನಿಯ ನೌಕರರು. ಕಾಗದ ಪಡೆದು, ಬೆರಳಚ್ಚು ತಗೊಂಡು ಕಳಿಸುವಲ್ಲಿಗೆ ಅವರ ಕೆಲಸ ಮುಗಿಯಿತು. ವೀಸಾ ಕೊಡುವುದು ಬಿಡುವುದು ಜರ್ಮನ್ ಅಧಿಕಾರಿಗಳ ಕೈಲಿದೆ. ಎಷ್ಟೋ ಅರ್ಜಿಗಳಲ್ಲಿ ಆ ಅಧಿಕಾರಿ ನಿಮ್ಮ ಮುಖವನ್ನೇ ನೋಡುವುದಿಲ್ಲ, ಸಂದರ್ಶನವೂ ಇರುವುದಿಲ್ಲ. ಕಾಗದದಲ್ಲಿ ಅವರು ಹುಡುಕುವುದು ಮೂರೇ ಸಂಗತಿ: ಯಾಕೆ ಹೋಗುತ್ತೀರಿ, ಖರ್ಚು ಯಾರದು, ವಾಪಸ್ ಬರುತ್ತೀರಾ.

ಸರ್ಕಾರಿ ಪಿಂಚಣಿ ಇರುವವರದು ಸಲೀಸು. ತಿಂಗಳು ತಿಂಗಳು ಒಂದೇ ಮೊತ್ತ, ಒಂದೇ ತಾರೀಖಿನ ಸುತ್ತ. ಸಂಬಳದವರದೂ ಹಾಗೇ: ಸ್ಯಾಲರಿ ಸ್ಲಿಪ್, ರಜೆ ಮಂಜೂರಾದ ಪತ್ರ, ಆದಾಯ ತೆರಿಗೆ ರಿಟರ್ನ್. ತೊಡಕಿರುವುದು ಕೃಷಿಕರ ಫೈಲಿನಲ್ಲಿ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸ್ಟೇಟ್‌ಮೆಂಟ್ ಹೇಗಿರುತ್ತದೆ ನೋಡಿ. ವರ್ಷದಲ್ಲಿ ಬಹುಪಾಲು ತಿಂಗಳು ಗೊಬ್ಬರಕ್ಕೆ, ಆಳಿಗೆ, ಮನೆಗೆ ಅಂತ ದುಡ್ಡು ಹೋಗುತ್ತಲೇ ಇರುತ್ತದೆ. ಕೊಯ್ಲು, ಸುಲಿತ, ಒಣಗಿಸುವುದು ಎಲ್ಲ ಮುಗಿದು ಮಾಲು ಮಂಡಿಗೆ ಹೋದ ಮೇಲೆ ಒಂದೇ ಏಟಿಗೆ ನಾಲ್ಕೋ ಆರೋ ಲಕ್ಷ ಬಂದು ಬೀಳುತ್ತದೆ. ಭಾವಮೈದುನನ ಸಾಲಕ್ಕೂ ಈ ದುಡ್ಡಿಗೂ ಸ್ಟೇಟ್‌ಮೆಂಟಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ! ಪ್ರಾಮಾಣಿಕವಾಗಿ ದುಡಿದವರ ಫೈಲೂ ಸುಳ್ಳು ಫೈಲಿನ ಹಾಗೇ ಕಾಣುತ್ತದೆ. ಮೇಲಾಗಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ತುಂಬಾ ಜನ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ.

ಇದಕ್ಕೆ ಮದ್ದು ಮನೆಯಲ್ಲೇ ಇರುತ್ತದೆ, ಅದೇ ವಿಕ್ರಿ ಬಿಲ್ಲು. ಅಡಿಕೆ ಕೊಳ್ಳುವ ಸಹಕಾರ ಸಂಘ ಮ್ಯಾಮ್‌ಕೋಸ್ ಇರಲಿ, ಕ್ಯಾಂಪ್ಕೊ ಇರಲಿ, ಶಿರಸಿಯ ಟಿಎಸ್‌ಎಸ್ ಇರಲಿ, ಮಾಲು ಕೊಟ್ಟಾಗ ತೂಕ, ದರ, ಮೊತ್ತ, ತಾರೀಖು ಬರೆದ ಬಿಲ್ಲು ಸಿಗುತ್ತದೆ. ಜನ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆತುಬಿಡುತ್ತಾರೆ. ಅದನ್ನು ಹುಡುಕಿ ತನ್ನಿ. ಸ್ಟೇಟ್‌ಮೆಂಟಿನಲ್ಲಿ ಆ ಜಮೆಯ ಪಕ್ಕ ಪೆನ್ಸಿಲ್ಲಿನಲ್ಲಿ 1 ಅಂತ ಗುರುತು ಹಾಕಿ, ಬಿಲ್ಲಿನ ಮೇಲೂ 1 ಅಂತ ಬರೆಯಿರಿ. ಹಿಂದಿನ ಎರಡು ವರ್ಷದ ಬಿಲ್ಲುಗಳೂ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ವರ್ಷ ಇದೇ ಹೊತ್ತಿಗೆ ಇಷ್ಟು ದುಡ್ಡು ಬರುತ್ತದೆ ಅಂತ ಆಗ ತಾನಾಗಿಯೇ ಗೊತ್ತಾಗುತ್ತದೆ. ರಿಟರ್ನ್ ಸಲ್ಲಿಸುವ ಕಡ್ಡಾಯ ಇಲ್ಲದಿದ್ದರೂ ಸಲ್ಲಿಸಿಡಿ ಅಂತಲೇ ನಾನು ಹೇಳುತ್ತೇನೆ. ಅದರಲ್ಲಿ ಕೃಷಿ ಆದಾಯ ತೋರಿಸಲು ಜಾಗವಿದೆ.

ಪಹಣಿ ಎಲ್ಲರೂ ತರುತ್ತಾರೆ. ಆದರೆ ಕನ್ನಡದ ಪಹಣಿಯನ್ನು ಹಾಗೇ ಇಟ್ಟರೆ ಪ್ರಯೋಜನವಿಲ್ಲ, ಇಂಗ್ಲಿಷ್ ಅನುವಾದ ಬೇಕು. ಅನುವಾದದಲ್ಲೂ ಒಂದು ಎಚ್ಚರ. ನಾಲ್ಕು ಎಕರೆ ಇಪ್ಪತ್ತು ಗುಂಟೆ ಅಂದರೆ ನಮಗೆ ತೋಟ ಕಣ್ಣ ಮುಂದೆ ಬರುತ್ತದೆ, ಗುಂಟೆ ಕೇಳಿಯೇ ಇರದವರಿಗೆ ಏನೂ ಬರುವುದಿಲ್ಲ. ಪಕ್ಕದಲ್ಲಿ 1.82 ಹೆಕ್ಟೇರ್ ಅಂತಲೂ ಬರೆಸಿ. ಅಡಿಕೆ ಯಾವ ಬೆಳೆ, ಯಾವಾಗ ಕೊಯ್ಯುತ್ತಾರೆ ಅಂತ ಒಂದೆರಡು ಸಾಲೂ ಇರಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಆಗದಿದ್ದರೆ ವಂಶವೃಕ್ಷದ ಪ್ರಮಾಣಪತ್ರ ತೆಗೆಸಿ ಜೊತೆಗಿಡಿ. ಇಲ್ಲದಿದ್ದರೆ ಅಧಿಕಾರಿಯ ಕಣ್ಣಿಗೆ ಅದು ಬೇರೆ ಯಾರದೋ ಜಮೀನು.

ಹೆಸರಿನ ಗೋಜಲು ಇನ್ನೊಂದು. ಅಪ್ಪನ ಪಾಸ್‌ಪೋರ್ಟಿನಲ್ಲಿ ಶಿವಪ್ಪ, ಆಧಾರ್‌ನಲ್ಲಿ ಎಚ್. ಬಿ. ಶಿವಪ್ಪ, ಮಗಳ ಅಂಕಪಟ್ಟಿಯಲ್ಲಿ ಶಿವಪ್ಪಗೌಡ. ಮಗಳ ಪಾಸ್‌ಪೋರ್ಟಿನಲ್ಲಿ ಮದುವೆಯಾದ ಮೇಲೆ ಗಂಡನ ಮನೆಯ ಹೆಸರು ಸೇರಿದೆ. ನಮಗೆ ಇದೆಲ್ಲ ಮಾಮೂಲು, ಇನಿಷಿಯಲ್ ಊರಿನದೋ ಅಪ್ಪನದೋ ಅಂತ ಕೇಳುವುದೂ ಇಲ್ಲ. ಆದರೆ "ಇವರು ನನ್ನ ತಂದೆ" ಅಂತ ಮಗಳು ಬರೆದಾಗ ಅದಕ್ಕೆ ಸಾಕ್ಷಿ ಬೇಕಲ್ವಾ? ಮಗಳ ಜನನ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಹಳ್ಳಿಯಲ್ಲಿ ಹುಟ್ಟಿ, ಜನನ ನೋಂದಣಿ ಆಗದವರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಡಬಹುದು, ಅದರಲ್ಲಿ ತಂದೆ ತಾಯಿ ಹೆಸರಿರುತ್ತದೆ. ಜೊತೆಗೆ ಮಗಳ ಪಾಸ್‌ಪೋರ್ಟಿನ ಕೊನೆಯ ಪುಟ, ಮದುವೆ ನೋಂದಣಿ ಪತ್ರ. ಬೇರೆ ಬೇರೆ ಥರ ಬರೆದ ಹೆಸರೆಲ್ಲ ಒಬ್ಬರದೇ ಅಂತ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಕೂಡ ಇರಲಿ.

ಇನ್ನು ಮಗಳ ಕಡೆಯ ಕಾಗದ. ವಾಟ್ಸ್ಯಾಪಿನಲ್ಲಿ ಕಳಿಸಿದ ಆಮಂತ್ರಣ ಪತ್ರ ಒಂದೇ ಸಾಕು ಅಂದುಕೊಳ್ಳುವವರಿದ್ದಾರೆ. ಖರ್ಚು ಮಗಳದು ಅಂತಾದರೆ ಅವಳು ಜರ್ಮನಿಯಲ್ಲಿ ತಾನಿರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಸಂಬಳದ ದಾಖಲೆ ತೋರಿಸಿ, ಅಧಿಕೃತ ಹೊಣೆಪತ್ರ ಮಾಡಿಸಬೇಕು. ಫೆರ್‌ಪ್ಫ್ಲಿಶ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತ ಅದರ ಹೆಸರು. ಹೇಳಲು ನಾಲಿಗೆ ಹೊರಳದವರು ವಿಇ ಅನ್ನುತ್ತಾರೆ, ನಾನೂ ಅಷ್ಟೇ. ಅಪ್ಪ ಅಮ್ಮನ ಊಟ, ವಾಸ, ಕಾಯಿಲೆಯ ಖರ್ಚು ನನ್ನದು ಅಂತ ಅವಳು ಕಾನೂನಿಗೆ ಒಳಪಟ್ಟು ಒಪ್ಪಿಕೊಳ್ಳುವ ಪತ್ರ ಅದು. ಆ ಕಚೇರಿಯಲ್ಲಿ ಸಮಯ ಸಿಗಲು ಕೆಲವು ಊರುಗಳಲ್ಲಿ ವಾರಗಟ್ಟಲೆ ಕಾಯಬೇಕು. ಮೂಲ ಪ್ರತಿ ಇಲ್ಲಿಗೆ ಅಂಚೆಯಲ್ಲಿ ಬರಬೇಕು. ಫ್ರಾನ್ಸಿನಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವವರು ಊರಿನ ಪುರಸಭೆಯಿಂದ ಪತ್ರ ತರಬೇಕು. ಆ ಪತ್ರ ಇದ್ದರೆ ಅಲ್ಲಿ ದಿನಕ್ಕೆ 32.50 ಯೂರೋ ತೋರಿಸಿದರೆ ಸಾಕು. ಹೋಟೆಲಾದರೆ 65. ದುಡ್ಡೆಷ್ಟು ಅನ್ನುವ ಪ್ರಶ್ನೆಗೆ ಉತ್ತರ ದೇಶಕ್ಕೊಂದು, ಮಲಗುವ ಜಾಗಕ್ಕೊಂದು.

ವಾಪಸ್ ಬರುವ ಕಾರಣದ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. "ನಾನು ಭಾರತವನ್ನು ಪ್ರೀತಿಸುತ್ತೇನೆ, ಖಂಡಿತ ಮರಳುತ್ತೇನೆ" ಅಂತ ಕವರಿಂಗ್ ಲೆಟರಿನಲ್ಲಿ ಅರ್ಧ ಪುಟ ಬರೆಸಿಕೊಂಡು ಬರುತ್ತಾರೆ. ಇಂಟರ್‌ನೆಟ್ಟಿನಿಂದ ಇಳಿಸಿದ ಪತ್ರ ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅಡಿಕೆ ಬೆಳೆಗಾರರಿಗೆ ಇದಕ್ಕಿಂತ ಗಟ್ಟಿ ಕಾರಣ ಇದೆ. ಮುಂಗಾರು ಹಿಡಿಯುವ ಹೊತ್ತಿಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಅದು ತಪ್ಪಿದರೆ ಆ ವರ್ಷದ ಫಸಲೇ ಉದುರುತ್ತದೆ. "ಏಪ್ರಿಲ್ 5ಕ್ಕೆ ಹೋಗಿ ಮೇ 25ಕ್ಕೆ ಬರುತ್ತೇವೆ. ಜೂನ್ ಮೊದಲ ವಾರ ತೋಟಕ್ಕೆ ಔಷಧಿ ಸಿಂಪಡಿಸುವ ಕೆಲಸ ಇದೆ. ಅಲ್ಲಿಯವರೆಗೆ ತಮ್ಮ ನೋಡಿಕೊಳ್ಳುತ್ತಾನೆ." ಇಷ್ಟು ಸಾಕು. ನಿಜ, ತಾರೀಖಿಗೂ ಹೊಂದುತ್ತದೆ.

ತಾರೀಖು ಹೊಂದುವುದು ಅಂದೆನಲ್ಲ, ಎಷ್ಟೋ ಫೈಲು ಕುಂಟುವುದು ಅಲ್ಲೇ. ಅರ್ಜಿಯಲ್ಲಿ 51 ದಿನ, ಮಗಳ ಪತ್ರದಲ್ಲಿ ಮೂರು ತಿಂಗಳು, ವಿಮೆ 45 ದಿನಕ್ಕೆ. ನಾಲ್ಕು ಜನ ನಾಲ್ಕು ಕಡೆ ಕೂತು ತುಂಬಿದರೆ ಹೀಗೇ ಆಗುವುದು. ಟಿಕೆಟ್ ವಿಷಯಕ್ಕೆ ಬಂದರೆ, ವೀಸಾ ಬರುವ ಮೊದಲೇ ದುಡ್ಡು ಕೊಟ್ಟು ಕೊಳ್ಳಬೇಡಿ, ಹೋಗಿ ಬರುವ ರಿಸರ್ವೇಷನ್ ಸಾಕು. ಆದರೆ ನಿಜವಾದ ರಿಸರ್ವೇಷನ್ ಇರಲಿ. ಕಂಪ್ಯೂಟರಿನಲ್ಲಿ ತಿದ್ದಿ ಮಾಡಿದ ನಕಲಿ ಬುಕಿಂಗ್ ಮಾರುವ ಏಜೆಂಟರಿದ್ದಾರೆ, ಅವರ ಸಹವಾಸ ಬೇಡ. ನಕಲಿ ಅಂತ ಗೊತ್ತಾದರೆ ಉಳಿದ ಕಾಗದವನ್ನೂ ಯಾರೂ ನಂಬುವುದಿಲ್ಲ.

ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು. ಅಗ್ಗದ ಪಾಲಿಸಿಯಲ್ಲೂ ಇಷ್ಟು ಸಿಗುತ್ತದೆ, ವೀಸಾವೂ ಆಗುತ್ತದೆ. ಆದರೆ ಬಿಪಿ, ಶುಗರ್ ಮೊದಲೇ ಇದ್ದವರಿಗೆ ಅದರಿಂದ ಬರುವ ತೊಂದರೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಅರವತ್ತು ದಾಟಿದವರು ಸಾವಿರ ರೂಪಾಯಿ ಉಳಿಸಲು ಹೋಗಿ ಅಲ್ಲಿನ ಆಸ್ಪತ್ರೆ ಬಿಲ್ಲನ್ನು ಮಗಳ ತಲೆಗೆ ಕಟ್ಟಬಾರದು. ಪಾಲಿಸಿಯ ಸಣ್ಣಕ್ಷರವನ್ನು ಮಗಳ ಹತ್ತಿರವೇ ಓದಿಸಿ.

ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೆ ಒಂದು ಮಾತು. ಅಮೆರಿಕಕ್ಕೆ ಹೋದ ನೆರೆಮನೆಯವರು ಆರು ತಿಂಗಳು ಇದ್ದು ಬಂದರು ಅಂತ ಲೆಕ್ಕ ಹಾಕಬೇಡಿ. ಷೆಂಗೆನ್‌ನಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಏಪ್ರಿಲ್ 1ಕ್ಕೆ ಇಳಿದರೆ ಜೂನ್ 29 ತೊಂಬತ್ತನೇ ದಿನ. ಪೂರ್ತಿ 90 ಬಳಸಿದರೆ ಮತ್ತೆ ಒಳಗೆ ಹೋಗಲು ಸೆಪ್ಟೆಂಬರ್ 28ರವರೆಗೆ ಕಾಯಬೇಕು. ಹೆರಿಗೆಯ ತಾರೀಖಿಗೆ ತಿಂಗಳು ಮುಂಚೆ ಹೋಗಿ ಕೂತರೆ ಮಗು ಬಂದ ಮೇಲೆ ಉಳಿಯುವುದು ಎರಡೇ ತಿಂಗಳು. ವಾರ ಹತ್ತು ದಿನ ಮುಂಚೆ ಹೋದರೆ ಸಾಕು ಅನ್ನುವುದು ನನ್ನ ಲೆಕ್ಕ.

ಬೆರಳಚ್ಚಿಗೆ ಖುದ್ದಾಗಿ ಬರಬೇಕು. ಒಮ್ಮೆ ಕೊಟ್ಟದ್ದನ್ನು 59 ತಿಂಗಳೊಳಗಿನ ಮುಂದಿನ ಅರ್ಜಿಗೂ ಬಳಸುತ್ತಾರೆ. ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದವರ ಅಚ್ಚು ಮೆಷೀನಿಗೆ ಬೇಗ ಸಿಗುವುದಿಲ್ಲ. ಒಂದು ವಾರ ಮೊದಲಿನಿಂದ ರಾತ್ರಿ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಆ ದಿನ ಚೆನ್ನಾಗಿ ತೊಳೆದುಕೊಂಡು ಬನ್ನಿ ಅಂತ ಹೇಳಿ ಕಳಿಸುತ್ತೇನೆ.

ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, 45 ದಿನದವರೆಗೂ ಎಳೆಯಬಹುದು. ತಿರಸ್ಕಾರವಾದರೆ ಒಂದು ನಮೂನೆ ಬರುತ್ತದೆ, ಕಾರಣದ ಮುಂದೆ ಗುರುತು ಹಾಕಿರುತ್ತಾರೆ. ಭೇಟಿಯ ಉದ್ದೇಶ ಸ್ಪಷ್ಟವಿಲ್ಲ, ಖರ್ಚಿಗೆ ಸಾಕಷ್ಟು ಆಧಾರವಿಲ್ಲ, ಮರಳುವ ಬಗ್ಗೆ ಅನುಮಾನವಿದೆ ಎಂಬಂಥವು. ಅದನ್ನು ಓದದೆ, ಅದೇ ಫೈಲು ಹಿಡಿದು ಮರುವಾರವೇ ಹೋಗುವವರಿದ್ದಾರೆ. ಹೋಗಬಾರದು ಅಂತ ನಿಯಮವೇನಿಲ್ಲ, ಆದರೆ ಉತ್ತರ ಅದೇ ಬರುತ್ತದೆ. ಹಿಂದೆ ಜರ್ಮನಿಯ ವಿಷಯದಲ್ಲಿ ಮರುಪರಿಶೀಲನೆಗೆ ಪತ್ರ ಬರೆಯುವ ದಾರಿ ಇತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಅಪ್ಪ ಅಮ್ಮನ ಭೇಟಿಗಾಗಿ ಬರ್ಲಿನ್‌ನಲ್ಲಿ ಕೇಸು ಹಾಕುವವರು ಯಾರು? ಗುರುತು ಹಾಕಿದ ಕಾರಣಕ್ಕೆ ಬೇಕಾದ ಹೊಸ ಕಾಗದ ಸೇರಿಸಿ ಮತ್ತೆ ಹಾಕಿ. ಹಳೆಯದನ್ನು ಮುಚ್ಚಿಡಲು ನೋಡಬೇಡಿ. ಬೇರೆ ಷೆಂಗೆನ್ ದೇಶಕ್ಕೆ ಅರ್ಜಿ ಹಾಕಿದರೂ ಅವರೆಲ್ಲರ ಕಂಪ್ಯೂಟರಿನಲ್ಲಿ ಆ ದಾಖಲೆ ಐದು ವರ್ಷ ಇರುತ್ತದೆ.

ವೀಸಾ ಬಂದರೆ ಮೊದಲು ಅಂಟಿಸಿದ ಚೀಟಿ ಓದಿ. ಅದರಲ್ಲಿ ಎರಡು ಲೆಕ್ಕ ಇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದು ಒಂದು, ಒಟ್ಟು ಎಷ್ಟು ದಿನ ಇರಬಹುದು ಅನ್ನುವುದು ಇನ್ನೊಂದು. ಪ್ರಯಾಣ ಆಚೀಚೆ ಆದರೆ ಅನುಕೂಲವಾಗಲಿ ಅಂತ ಮೊದಲನೆಯದನ್ನು ಸುಮಾರು 15 ದಿನ ಹೆಚ್ಚಿಗೆ ಕೊಟ್ಟಿರುತ್ತಾರೆ. ಅದನ್ನು ನೋಡಿ ಹೆಚ್ಚು ದಿನ ಕೂತುಬಿಟ್ಟರೆ ನಿಯಮ ಮುರಿದಂತೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬಂದ ದಿನ, ಹೋದ ದಿನವನ್ನು ಕಂಪ್ಯೂಟರಿನಲ್ಲೇ ದಾಖಲು ಮಾಡುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಒಂದು ದಿನ ಹೆಚ್ಚಾದರೂ ಅದರಲ್ಲಿ ಕಾಣುತ್ತದೆ. ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಅಧಿಕಾರಿ ಮತ್ತೆ ಕಾಗದ ಕೇಳಬಹುದು. ಹೊಣೆಪತ್ರದ ಪ್ರತಿ, ವಿಮೆ, ವಾಪಸ್ ಟಿಕೆಟ್, ಮಗಳ ವಿಳಾಸ ಮತ್ತು ಫೋನ್ ನಂಬರ್ ಕೈಚೀಲದಲ್ಲಿರಲಿ, ಸೂಟ್‌ಕೇಸಿನೊಳಗೆ ಬೇಡ.

2024ರ ಏಪ್ರಿಲ್‌ನಿಂದ ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಒಂದು ಅನುಕೂಲವೂ ಇದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಿಬರಬಹುದಾದ ವೀಸಾ ಕೊಡಬಹುದು. ಪಾಸ್‌ಪೋರ್ಟಿಗೆ ಸಾಕಷ್ಟು ಅವಧಿ ಇದ್ದರೆ ಅದಾದ ಮೇಲೆ ಐದು ವರ್ಷದ್ದು. ಅದಕ್ಕೇ ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ ಹಳೆಯದನ್ನು ಎಲ್ಲೋ ಇಟ್ಟು ಕಳೆದುಕೊಳ್ಳಬೇಡಿ. ಹಳೆಯ ವೀಸಾ ಅಂಟಿರುವುದು ಅದರಲ್ಲೇ, ಮುಂದಿನ ಅರ್ಜಿಗೆ ಅದನ್ನೂ ತನ್ನಿ.